ವೈರಿಲ್ಲದ ಡ್ರಿಲ್ಲು

ಬಡಗಿಯ ತಾಯಿ ಸಮುದ್ರವನ್ನು ಕಂಡದ್ದು ಜೀವಮಾನದಲ್ಲಿ ಎರಡೇ ಸಲ. ಆದರೂ ದಿನಾ ಸಂಜೆ ಆರೂವರೆಗೆ ರೇಡಿಯೊ ಹಚ್ಚಿ, ಮೀನುಗಾರರಿಗೆಂದು ಬರುವ ಕಡಲ ಹವಾಮಾನವನ್ನು ತಪ್ಪದೆ ಕೇಳುತ್ತಿದ್ದಳು. ಆ ಮನೆಯಲ್ಲಿ ದೋಣಿ ಹಾಗಿರಲಿ, ಈಜು ಬರುವವರೂ ಇರಲಿಲ್ಲ. ವಿಷಯ ಇಷ್ಟೇ: ಅದನ್ನು ಓದುತ್ತಿದ್ದವಳು ಅವಳ ತಂಗಿ.

ಅಕ್ಕತಂಗಿಯರು ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಅವರಮ್ಮನ ಹೊಲಿಗೆ ಯಂತ್ರ ಯಾರ ಪಾಲಿಗೆ ಎಂಬುದೇ ಜಗಳ. ಇಬ್ಬರಿಗೂ ಒಂದು ಗುಂಡಿ ಹಾಕಲು ಬರುತ್ತಿರಲಿಲ್ಲ, ಅದು ಬೇರೆ ಮಾತು. ಮೊದಲು ಅವಳೇ ಮಾತಾಡಲಿ ಎಂಬ ಹಠದಲ್ಲಿ ಮಾತ್ರ ಇಬ್ಬರೂ ಒಂದೇ ಅಚ್ಚು.

ಎರಡು ವಾರದಿಂದ ರೇಡಿಯೊದಲ್ಲಿ ಬರೀ ಗುಂಯ್ ಎಂಬ ಸದ್ದು. ಆ ಗದ್ದಲದಲ್ಲೂ ನಿನ್ನೆ ಒಂದು ಮಾತು ಹೇಗೋ ನುಸುಳಿ ಬಂದಿತ್ತು. ನಾಳೆಯದೇ ತನ್ನ ಕೊನೆಯ ಓದು, ಆಮೇಲೆ ನಿವೃತ್ತಿ ಎಂದಿದ್ದಳು ತಂಗಿ. ಅದನ್ನು ಕೇಳಿದ ಮೇಲೆ ತಾಯಿಗೆ ಊಟ ಸೇರಲಿಲ್ಲ.

"ನಾಳೆನೂ ಹೀಗೇ ಆದ್ರೆ ಮುಗೀತು ಕಣೋ. ಇನ್ನು ಅವಳ ಧ್ವನಿನೂ ಇಲ್ಲ," ಎಂದಳು.

ಹಳೆಯ ಡ್ರಿಲ್ಲು ಓಡಿದಾಗಲೆಲ್ಲ ರೇಡಿಯೊ ಪರಪರ ಎನ್ನುತ್ತದೆಂದು ತಾಯಿ ಗೊಣಗಿದ್ದಕ್ಕೇ ಬಡಗಿ ಬ್ಯಾಟರಿಯ ಹೊಸ ಡ್ರಿಲ್ಲು ತಂದಿದ್ದ. ವೈರೇ ಇಲ್ಲದ ಮೇಲೆ ತಕರಾರೆಲ್ಲಿಂದ ಬಂದೀತು ಎಂದುಕೊಂಡಿದ್ದ. ಈಗ ನೋಡಿದರೆ ಕೆಲಸ ನಿಲ್ಲಿಸಿ, ಎಲ್ಲ ಯಂತ್ರ ಆರಿಸಿದರೂ ಗುಂಯ್ ನಿಲ್ಲುತ್ತಿರಲಿಲ್ಲ.

ಮಾರನೆಯ ಸಂಜೆ ಆರಕ್ಕೆ ಅವನ ಹೆಂಡತಿಯ ಅಣ್ಣ ಬಂದರು. ವೈರಿಂಗ್ ಕೆಲಸದವರು; ಇಡೀ ಬೀದಿಗೇ ಕರೆಂಟ್ ಭಾವ.

"ರೇಡಿಯೊಗೆ ಸೆಲ್ ಹಾಕಿದೀರಾ?" ಎಂದು ಕೇಳಿದರು.

"ಹೊಸದೇ ಹಾಕಿದೀನಿ ಭಾವ."

"ಹಾಗಾದ್ರೆ ಮೊದಲು ಮನೆ ಆರಿಸೋಣ."

ಮೇನ್ ಸ್ವಿಚ್ ಕೆಳಗಿಳಿಯಿತು. ಫ್ಯಾನು ನಿಂತಿತು, ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು. ಗುಂಯ್ ಸದ್ದು ಕತ್ತರಿಸಿದ ಹಾಗೆ ನಿಂತು, ಆ ಜಾಗದಲ್ಲಿ ಯಾರೋ ಒಬ್ಬ ಗಂಡಸು ಹಾಡತೊಡಗಿದ. ಮನೆಯಲ್ಲಿ ಯಾರಿಗೂ ತಿಳಿಯದ ಭಾಷೆ. ಭಾವ ಮುಳ್ಳನ್ನು ಒಂದು ಕೂದಲಷ್ಟು ತಿರುಗಿಸಿದರು. ಒಬ್ಬ ಹೆಂಗಸು ನಕ್ಕಳು. ಇನ್ನಷ್ಟು ತಿರುಗಿಸಿದರೆ ಎಲ್ಲೋ ಬಲು ದೂರದಲ್ಲಿ ಗಂಟೆ ಬಡಿಯುತ್ತಿತ್ತು.

ಬಡಗಿಗೆ ಮೈ ಜುಮ್ಮೆಂದಿತು. ಇಪ್ಪತ್ತು ವರ್ಷ ಇದೇ ಕೋಣೆಯಲ್ಲಿ ಹಲಗೆ ಕೊಯ್ದಿದ್ದಾನೆ, ಇದೇ ಗಾಳಿಯನ್ನು ಉಸಿರಾಡಿದ್ದಾನೆ. ಈ ಹಾಡು, ಈ ನಗು ಗೋಡೆಯನ್ನೂ ಮರವನ್ನೂ ಅವನ ಎದೆಯನ್ನೂ ಹಾದುಹೋಗುತ್ತಲೇ ಇದ್ದವು. ಒಂದು ದಿನವೂ ಅವನಿಗೆ ಗೊತ್ತಾಗಿರಲಿಲ್ಲ.

"ಇದೆಲ್ಲ ಎಲ್ಲಿತ್ತು ಭಾವ?"

"ಇಲ್ಲೇ ಇತ್ತು. ನಾವೇ ಗಲಾಟೆ ಮಾಡ್ತಿದ್ವಿ."

"ಹಾಗಿದ್ರೆ ಹೀಗೇ ಬಿಡಿ. ಅರ್ಧ ಗಂಟೆ ಕತ್ತಲಲ್ಲೇ ಕೂತ್ಕೋತೀವಿ."

"ಕಳ್ಳನ್ನ ಒಳಗಿಟ್ಕೊಂಡು ಬಾಗಿಲು ಹಾಕಿದ್ರೆ ಏನು ಬಂತಯ್ಯಾ?"

ಭಾವ ಫ್ಯೂಸುಗಳನ್ನೆಲ್ಲ ಕಿತ್ತು, ಮೇನ್ ಎತ್ತಿ, ಒಂದೊಂದೇ ಫ್ಯೂಸು ಹಾಕುತ್ತ ಬಂದರು. ಅಡುಗೆಮನೆ ಸಾಧು. ಪಡಸಾಲೆ ಸಾಧು. ಕೆಲಸದ ಕೋಣೆಯದನ್ನು ಒತ್ತಿದ್ದೇ ತಡ, ಮತ್ತೆ ಗುಂಯ್. ಅವರು ರೇಡಿಯೊ ಹಿಡಿದು ಗರಗಸದ ಹತ್ತಿರ ಹೋದರು, ಸದ್ದು ತಗ್ಗಿತು. ಹಲಗೆಗಳ ರಾಶಿಯ ಕಡೆ ಹೋದರು, ಅರಚಿತು. ಹಲಗೆಗಳ ಹಿಂದೆ, ಗೋಡೆಯ ಪ್ಲಗ್ಗಿನಲ್ಲಿ, ಹಸಿರು ದೀಪ ಹೊತ್ತಿಸಿಕೊಂಡು ಕೂತಿತ್ತು ಹೊಸ ಡ್ರಿಲ್ಲಿನ ಚಾರ್ಜರು.

"ಅದರಲ್ಲಿ ಬ್ಯಾಟರಿನೇ ಇಲ್ವಲ್ಲ," ಎಂದ ಬಡಗಿ.

"ಬ್ಯಾಟರಿ ಇಲ್ದಿದ್ರೂ ಅದರ ಹೊಟ್ಟೇಲಿ ಕರೆಂಟು ಸೆಕೆಂಡಿಗೆ ಸಾವಿರಾರು ಸಲ ಹತ್ತಿ ಆರ್ತಾ ಇರುತ್ತೆ. ಒಳ್ಳೇದ್ರಲ್ಲಿ ಆ ಸದ್ದು ಆಚೆ ಬರದ ಹಾಗೆ ತಡೆ ಇಟ್ಟಿರ್ತಾರೆ. ಇದು ಅಗ್ಗದ ಮಾಲು."

ಬೀದಿಯಲ್ಲಿ ಹೋಗುತ್ತಿದ್ದ ಮಾರಿಯನ್ನು ಮನೆಗೆ ಕರೆದಂತಾಗಿತ್ತು, ಅದೂ ತಾಯಿಯ ಮೇಲಿನ ಪ್ರೀತಿಗೆ. ಬಡಗಿ ನಾಚಿಕೊಂಡೇ ಚಾರ್ಜರನ್ನು ಕಿತ್ತ.

ಆರೂವರೆ. ತಾಯಿ ಮುಳ್ಳನ್ನು ಮತ್ತೆ ತಂಗಿಯ ಕೇಂದ್ರಕ್ಕೆ ತಂದಳು. "ತೆಂಕಣ ಗಾಳಿ. ಅಲೆಗಳು ಒಂದೂವರೆ ಮೀಟರ್..."

ಧ್ವನಿ ಎಷ್ಟು ಹತ್ತಿರವಿತ್ತೆಂದರೆ ಹಾಳೆ ಮಗುಚಿದ್ದೂ ಕೇಳಿಸಿತು, ಉಸಿರು ಎಳೆದುಕೊಂಡದ್ದೂ ಕೇಳಿಸಿತು. ನೂರಾರು ಮೈಲಿಯಾಚೆಯ ಒಂದು ಉಸಿರು ಮರದ ಪುಡಿಯ ಈ ಕೋಣೆಗೆ ಬಂದು ಮುಟ್ಟಿತಲ್ಲ ಎಂದು ಬಡಗಿ ಮಿಸುಕದೆ ನಿಂತ. ತಾಯಿ ಕಣ್ಣು ಮುಚ್ಚಿದ್ದಳು. ತಂಗಿ ದೋಣಿಯವರಿಗೆಲ್ಲ ವಂದನೆ ಹೇಳಿ ಮುಗಿಸಿದಳು.

"ನೆಗಡಿ ಆಗಿರಬೇಕು ಚಿಕ್ಕಮ್ಮಂಗೆ," ಎಂದ ಬಡಗಿ.

"ನೆಗಡಿಯಲ್ಲ. ಓದೋಕೆ ಮುಂಚೆ ಅತ್ತಿದಾಳೆ. ಚಿಕ್ಕೋಳಿದ್ದಾಗ್ಲೂ ಅತ್ತ ಮೇಲೆ ಹೀಗೇ ಮಾತಾಡೋಳು." ತಾಯಿ ಕೈ ಚಾಚಿದಳು. "ಫೋನ್ ಕೊಡು."

ನಂಬರನ್ನು ಎಲ್ಲೂ ನೋಡದೆಯೇ ಒತ್ತಿದಳು. ಮೂರನೆಯ ರಿಂಗಿಗೆ ಆ ಕಡೆ ಎತ್ತಿದರು. ಆಚೆಯಿಂದ ಮಾತಿಲ್ಲ, ಉಸಿರು ಮಾತ್ರ.

"ನಾನು ಕಣೇ," ಎಂದಳು ತಾಯಿ. "ಮೊದಲು ಹೋಗಿ ಮುಖ ತೊಳ್ಕೊಂಡು ಬಾ. ನಾನು ಇಲ್ಲೇ ಇರ್ತೀನಿ."