ಸೆಂಡಾಯ್‌ನ ಒನೋದೆರಾ

ಕೊರೋನಾದ ಎರಡನೇ ಮಾರ್ಚ್. ಜಪಾನಿನ ರಾಜಧಾನಿಯ ಕೋಟೋ ಬಡಾವಣೆಯಲ್ಲಿ, ಇಪ್ಪತ್ತೆರಡನೇ ಮಹಡಿಯ ಫ್ಲ್ಯಾಟಿನಲ್ಲಿ ಊಟದ ಮೇಜೇ ಚಂದ್ರಪ್ರಭಾಳ ಆಫೀಸು. ಶನಿವಾರ ಸಂಜೆಯಾದರೂ ಸಾಫ್ಟ್‌ವೇರ್ ರಿಲೀಸ್ ಕೆಲಸ ಮುಗಿದಿರಲಿಲ್ಲ. ಹೆಡ್‌ಫೋನಿನಲ್ಲಿ ಒನೋದೆರಾ-ಸಾನ್ ಇದ್ದ. ಅವಳ ತಂಡಕ್ಕೆ ಮನೆಯಿಂದಲೇ ದುಡಿಯುವ ಗುತ್ತಿಗೆ ಪ್ರೋಗ್ರಾಮರ್, ಊರು ಸೆಂಡಾಯ್. ಮಾತೆಲ್ಲ ಇಂಗ್ಲಿಷಿನಲ್ಲಿ. ಕ್ಯಾಮೆರಾ ಕೆಟ್ಟಿದೆ ಎನ್ನುತ್ತಿದ್ದ. ಮುಖ ನೋಡದೆ ಅವಳೇ ಅವನನ್ನು ಆರಿಸಿದ್ದಳು. ಆ ವರ್ಷ ಯಾರು ಯಾರ ಮುಖ ನೋಡಿದ್ದರು?

ಇದ್ದಕ್ಕಿದ್ದಂತೆ ಫೋನು ಚೀರಿತು. ಭೂಕಂಪದ ಎಚ್ಚರಿಕೆ. ದೀಪ ತೂಗಿತು, ಕಟ್ಟಡ ಹಡಗಿನ ಹಾಗೆ ನಿಧಾನಕ್ಕೆ ವಾಲಿತು. ಅವಳು ಮೇಜಿನಡಿ ನುಸುಳಿದಳು. ಫೋನಿನ ನಕ್ಷೆಯಲ್ಲಿ ಕೆಂಪು ತುಂಬಿದ್ದು ಸೆಂಡಾಯ್ ಸುತ್ತಲೇ.

ಅತ್ತ ಒನೋದೆರಾ ಕೋಡ್ ಓದುತ್ತಲೇ ಇದ್ದ. ಅವನ ಫೋನು ಚೀರಲಿಲ್ಲ. ಒಂದು ಲೋಟವೂ ಅಲುಗಿದ ಸದ್ದಿಲ್ಲ.

"ಒನೋದೆರಾ-ಸಾನ್! ನಿಮ್ಮಲ್ಲೇ ಜೋರಂತೆ, ಏನ್ ಓದ್ತಾ ಕೂತಿದೀರಾ? ಟೇಬಲ್ ಕೆಳಗೆ ಹೋಗಿ!"

ಓದು ನಿಂತಿತು. ಆಮೇಲೆ ತೀರ ಸಣ್ಣ ದನಿಯಲ್ಲಿ, "ಸುಮಿಮಾಸೆನ್, ಕ್ಷಮಿಸಿ... ಇಲ್ಲಿ ಎಷ್ಟು ಹೊತ್ತು ಅಲ್ಲಾಡ್ತು ಅನ್ಬೇಕು?"

ಅವಳು ಮೈಕನ್ನು ಬಾಯಿಗೆ ಹತ್ತಿರ ತಂದಳು. "ನೀವು ಸೆಂಡಾಯ್‌ನಲ್ಲಿಲ್ಲ."

"ಇಲ್ಲ. ಬೇರೆ ದೇಶ, ಒಂದು ಕೋಣೆ. ತುಂಬಾ ಜನ ಇದೀವಿ. ಯಾರಿಗೂ ಹೇಳ್ಬೇಡಿ. ಈ ಸುಳ್ಳು ಹೆಸರು ಬಯಲಾದ್ರೆ ನನ್ನನ್ನೂ ಕರ್ಕೊಂಡು ಹೋಗ್ತಾರೆ."

ಕರೆ ಕಡಿಯಿತು.

ವಿಷಯ ಕೇಳಿದ ಗಂಡ ಮಧುಕರ್ ಅಲ್ಲಿ ಇಲ್ಲಿ ಹುಡುಕಿ ಓದಿದ. "ನೋಡು ಪ್ರಭಾ, ಉತ್ತರ ಕೊರಿಯಾದವರೇ ಇರ್ಬೇಕು. ಅಲ್ಲಿ ದೊರೆಗೆ ಡಾಲರ್ ತಂದುಕೊಡೋಕೇ ಗುಪ್ತ ಆಫೀಸ್ ಇದೆಯಂತೆ. ಇನ್ಯಾರದೋ ಹೆಸರಲ್ಲಿ ಇವರನ್ನ ಕೂರಿಸಿ ದುಡಿಸ್ತಾರೆ. ಸುಮ್ನೆ ರಿಪೋರ್ಟ್ ಮಾಡು."

"ಅವನ ಗತಿ?"

"ನಿನ್ನ ಗತಿ ನೋಡ್ಕೊಳಮ್ಮ ತಾಯಿ! ಆರಿಸಿದ್ದು ನೀನೇ ತಾನೆ? ಕೆಲಸ ಹೋದ್ರೆ ವೀಸಾನೂ ಹೋಗತ್ತೆ."

ಆದರೂ ಅವಳು ಬರೆಯಲಿಲ್ಲ. ತಾನು ಬಾಯಿ ಮುಚ್ಚಿಕೊಂಡಿದ್ದರೆ ಒಬ್ಬ ಉಳಿಯುತ್ತಾನೆ ಅಂದುಕೊಂಡಳು.

ಸೋಮವಾರ ಬೆಳಿಗ್ಗೆ ಒನೋದೆರಾ ಎಂದಿನಂತೆ ಕರೆಗೆ ಬಂದ. "ಚಂದ್ರಪ್ರಭಾ-ಸಾನ್, ಶನಿವಾರ ಹೆದರಿಬಿಟ್ಟೆ. ಪುಸ್ತಕ ಎಲ್ಲಾ ಬಿದ್ದೋದ್ವು. ಅರ್ಧ ನಿಮಿಷ ಅಲ್ಲಾಡ್ತು." ದನಿ ಹದವಾಗಿ ನಡುಗುತ್ತಿತ್ತು. ಆದರೆ ಅದು ಬೇರೆ ಗಂಟಲು.

"ಅವರೆಲ್ಲಿ?"

"ಯಾರು? ಒನೋದೆರಾ ನಾನೇ."

ಅಂದರೆ ಶನಿವಾರದ ಮಾತನ್ನು ಇನ್ಯಾರೋ ಕೇಳಿಸಿಕೊಂಡಿದ್ದರು. ಅವಳು ಉಳಿಸಬೇಕೆಂದಿದ್ದವನನ್ನು ಆಗಲೇ ಕರೆದುಕೊಂಡು ಹೋಗಿದ್ದರು.

"ನೀವು ಅವರಲ್ಲ. ನಂಗೊತ್ತು."

ನಡುಕ ಗುಂಡಿ ಒತ್ತಿದಂತೆ ನಿಂತಿತು. "ಇವತ್ತಿನ ಕೆಲಸ ಹೇಳಿ," ಎಂದ.

ಚಂದ್ರಪ್ರಭಾ ಮ್ಯಾನೇಜರಿಗೆ ಎಲ್ಲವನ್ನೂ ಟೈಪ್ ಮಾಡತೊಡಗಿದಳು. ಆ ಸದ್ದು ಅತ್ತಲೂ ಕೇಳಿಸಿರಬೇಕು. "ಪ್ಲೀಸ್," ಎಂದನವನು. ಈ ನಡುಕ ಯಾರೂ ಕಲಿಸಿದ್ದಲ್ಲ. ಅವಳ ಬೆರಳು ಒಂದು ಗಳಿಗೆ ತಡೆಯಿತು; ಆಮೇಲೆ ಕಳಿಸಿಬಿಟ್ಟಳು.

ಹೆಡ್‌ಫೋನಿನಲ್ಲಿ ಕುರ್ಚಿಯೊಂದು ಹಿಂದಕ್ಕೆ ಸರಿಯಿತು. ಹೆಜ್ಜೆಗಳು. ಮತ್ತೆ ಇನ್ಯಾರೋ ಬಂದು ಕೂತರು, ಗಂಟಲು ಸರಿಮಾಡಿಕೊಂಡು, ಬಲು ವಿನಯದಿಂದ ಅವಳ ಹೆಸರು ಹಿಡಿದು ಕರೆದರು.