ಹೇಳದೆ ಬಿಟ್ಟ ಚಾನೆಲ್

ಪೊಲೀಸ್ ಜೀಪಿನ ವೈರ್‌ಲೆಸ್ ಪೇದೆ ಪಾಲಣ್ಣನಿಗೆ ಅಂದು ಹೊಸದುರ್ಗ ಬಿಡುವಾಗಲೇ ಜೀವ ಹಿಂದಕ್ಕೆ ಎಳೆಯುತ್ತಿತ್ತು. ಅವನ ಅವ್ವ ಕಾಟಮ್ಮ ಠಾಣೆಯ ಹಿಂದಿನ ಕ್ವಾರ್ಟರ್ಸಿನಲ್ಲಿ, ಮಗಳು ಕಾಳಕ್ಕನ ಮನೆಯಲ್ಲಿ ಮಲಗಿದ್ದಳು. ನಾಲ್ಕು ದಿನದಿಂದ ಗಂಜಿಯೂ ಗಂಟಲಲ್ಲಿ ಇಳಿದಿರಲಿಲ್ಲ. ಪಾಲಣ್ಣ ಒಂದು ಗಳಿಗೆ ಅವಳ ಕೈ ಹಿಡಿದು ಕೂತಿದ್ದು, ಹೆಚ್ಚುಕಮ್ಮಿಯಾದರೆ ವೈರ್‌ಲೆಸ್ ಸೆಟ್ಟಿನಲ್ಲಿ ಒಂದು ಮಾತು ಕಳಿಸು, ಎಲ್ಲಿದ್ದರೂ ಸಾಹೇಬರ ಕಾಲು ಹಿಡಿದು ತಿರುಗಿ ಬರುತ್ತೇನೆ ಎಂದು ಅಕ್ಕನಿಗೆ ಹೇಳಿ ಹೊರಟಿದ್ದ.

ಆ ಮಾತು ಕಳಿಸಬೇಕಾದವನು ಕಾಳಕ್ಕನ ಗಂಡ ಬೋರಣ್ಣ. ಹೊಸದುರ್ಗ ಠಾಣೆಯ ಸೆಟ್ಟಿನ ಮುಂದೆ ಕೂರುವವನು ಅವನೇ. ಬಾಯಿ ಸಡಿಲ, ಮನಸ್ಸು ಒಳ್ಳೆಯದು. ಮೂರು ತಿಂಗಳ ಹಿಂದೆ, ಅವ್ವ ಮಗಳ ಮನೆಯಲ್ಲಿ ಉಣ್ಣುವುದು ಗಂಡುಮಗನಿಗೆ ಅವಮಾನವೆಂದು ಪಾಲಣ್ಣ ಗೊಣಗಿದ್ದ. ಮಾರನೆಯ ದಿನ ಬೋರಣ್ಣ ಸೆಟ್ಟಿನಲ್ಲೇ ಕೇಳಿಬಿಟ್ಟ: “ನಿಮ್ಮವ್ವ ಉಂಡು ಮಲಗವ್ಳೆ ಕಣಪ್ಪ. ಮಗರಾಯ, ನಿಂದಾತಾ ಊಟ?”

ಟೆಲಿಫೋನಾಗಿದ್ದರೆ ಇಬ್ಬರ ಮಾತು ತಂತಿಯೊಳಗೇ ಮುಗಿಯುತ್ತಿತ್ತು. ಇದು ಗಾಳಿಯಲ್ಲಿ ಹೋಗುವ ಮಾತು. ಆ ಚಾನೆಲ್ಲಿಗೆ ಕಿವಿಕೊಟ್ಟಿದ್ದ ಜೀಪುಗಳವರೆಲ್ಲ ಕೇಳಿಸಿಕೊಂಡು ನಕ್ಕರು. ಹೋದಲ್ಲೆಲ್ಲ ಪಾಲಣ್ಣ ‘ಮಗರಾಯ’ನಾದ. ಅಂದಿನಿಂದ ಭಾವನ ಸಂಗಡ ಕೆಲಸದ ಮಾತು ಬಿಟ್ಟು ಇನ್ನೊಂದು ಮಾತಿಲ್ಲ.

ಓಡುವ ಜೀಪಿಗೆ ಒಂದೇ ಠಾಣೆಯ ದನಿ ದಾರಿಯುದ್ದಕ್ಕೂ ಸಿಗುವುದಿಲ್ಲ. ಹೊಸದುರ್ಗದ್ದು ಸೊರಗುತ್ತ ಹೋದಂತೆ ಹೊಳಲ್ಕೆರೆಯದು ಬಲಿಯುತ್ತದೆ. ನಡುವೆ ಒಂದು ಕಡೆ ಸೆಟ್ಟಿನ ಗುಂಡಿ ತಿರುಗಿಸಬೇಕು. ತಿರುಗಿಸುವ ಮುಂಚೆ, ನಿಮ್ಮನ್ನು ಬಿಟ್ಟು ಹೊಳಲ್ಕೆರೆಗೆ ಸೇರುತ್ತಿದ್ದೇನೆ ಎಂದು ಹೇಳಿ, ಆಯಿತು ಎಂಬ ಉತ್ತರಕ್ಕೆ ಕಾಯಬೇಕು. ಆಮೇಲೆ ಆ ಜೀಪಿಗೆ ಬರುವ ಸುದ್ದಿಯನ್ನೆಲ್ಲ ಹಳೆಯ ಠಾಣೆಯವರು ಹೊಸ ಠಾಣೆಗೆ ದಾಟಿಸುತ್ತಾರೆ. ಎಳೆಗೂಸನ್ನು ಕೈಯಿಂದ ಕೈಗೆ ಕೊಡುವ ಹಾಗೆ. ಆ ಕೈ ಹಿಡಿದ ಮೇಲೆಯೇ ಈ ಕೈ ಬಿಡುವುದು.

ಪಾಲಣ್ಣನಿಗೆ ಇದೆಲ್ಲ ಗೊತ್ತಿಲ್ಲದ್ದಲ್ಲ. ಆದರೆ ಆ ‘ಆಯಿತು’ ಬೋರಣ್ಣನ ಬಾಯಿಂದ ಬರಬೇಕಲ್ಲ. ಅದಕ್ಕೇ ಮೂರು ತಿಂಗಳಿಂದ ಬೇಗನೇ, ಹೇಳದೆ ಕೇಳದೆ ಗುಂಡಿ ತಿರುಗಿಸಿಬಿಡುತ್ತಿದ್ದ. ಹೊಳಲ್ಕೆರೆಯವರು ಆಮೇಲೆ ಹೇಗೂ ಸಿಗುತ್ತಿದ್ದರು.

ಅಂದು ಹಾಗೆ ಮಾಡಬಾರದೆಂದೇ ಇದ್ದ. ಆರೇಳು ಮೈಲಿ ಹೋಗಿರಬೇಕು, ಸೆಟ್ಟು ಕೆಮ್ಮಿತು. “ಮಗರಾಯ, ಎಲ್ಲಿಗೆ ಬಂದ್ಯಪ್ಪ?” ಬೋರಣ್ಣ ಸಲಿಗೆಯಿಂದಲೇ ಕೇಳಿದ್ದ. ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. ಪಾಲಣ್ಣ ಎಲ್ಲಿದ್ದೇನೆಂದು ಚುಟುಕಾಗಿ ಹೇಳಿ, ಹೊಸದುರ್ಗದ ದನಿ ಇನ್ನೂ ಸ್ಪಷ್ಟವಾಗಿರುವಾಗಲೇ, ಬಿಡುತ್ತಿದ್ದೇನೆ ಎನ್ನದೆ ಗುಂಡಿ ತಿರುಗಿಸಿದ.

ಡ್ರೈವರ್ ತಿಪ್ಪಯ್ಯ ಓರೆಗಣ್ಣಿಂದ ನೋಡಿದ. “ಇವತ್ತಾದ್ರೂ ಹೇಳಿ ಬಿಡ್ರಿ. ಮನೇಲಿ ಅಮ್ಮಾರಿಗೆ ಹುಷಾರಿಲ್ಲ.”

“ಹೊಳಲ್ಕೆರೆಯೋರು ಕೇಳಿಸ್ಕಂತಾರೆ, ನಡಿ,” ಎಂದ ಪಾಲಣ್ಣ.

ಸಾಹೇಬರಿಗೆ ರಾಮಗಿರಿಯಲ್ಲಿ ಕೆಲಸವಿತ್ತು. ಜೀಪು ಗುಡ್ಡದ ಮರೆಯಲ್ಲಿ ಒಂದೂವರೆ ಗಂಟೆ ನಿಂತಿತು. ಹೊಳಲ್ಕೆರೆಯ ದನಿ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಸೆಟ್ಟು ಸುಮ್ಮನೆ ಸರ್ರೆನ್ನುತ್ತಿತ್ತು. ಕರೆ ಇಲ್ಲವೆಂದರೆ ಅವ್ವ ಚೆನ್ನಾಗಿದ್ದಾಳೆ ಎಂದುಕೊಂಡು ಪಾಲಣ್ಣ ನೆಮ್ಮದಿಯಾಗಿ ಚಹಾ ಕುಡಿದ.

ಗುಡ್ಡ ದಾಟಿ ಬಯಲಿಗೆ ಬಿದ್ದ ಮೇಲೆ ಹೊಳಲ್ಕೆರೆ ಸಿಕ್ಕಿತು. ತಕ್ಷಣ ಹಿಂತಿರುಗಬೇಕಂತೆ, ಆಗಿನಿಂದ ಕರೆಯುತ್ತಿದ್ದೇವೆ ಎಂದರು. ಸಾಹೇಬರು ಒಂದು ಮಾತೂ ಕೇಳದೆ ಅಲ್ಲೇ ಇಳಿದು ಜೀಪು ಕೊಟ್ಟರು. ತಿಪ್ಪಯ್ಯ ಹೊಂಡ ದಿಣ್ಣೆ ನೋಡದೆ ಓಡಿಸಿದ. ಹೊಸದುರ್ಗ ಮುಟ್ಟುವಷ್ಟರಲ್ಲಿ, ಜೀವ ಹೋಗಿದ್ದ ಕಾಟಮ್ಮನಿಗೆ ಹೊಸ ಸೀರೆ ಉಡಿಸಿ ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು.

ಬೋರಣ್ಣ ನಡೆದದ್ದನ್ನು ಹೇಳಿದ. ಜೀಪಿನ ಜೊತೆ ಮಾತಾಡಿ ಕಾಲು ಗಂಟೆಯಾಗಿರಲಿಲ್ಲ, ಮುದುಕಿ ಕಣ್ಣು ಬಿಟ್ಟು ಮಗನೆಲ್ಲಿ ಎಂದು ಕೇಳಿದಳಂತೆ. ಬೋರಣ್ಣ ಸೆಟ್ಟಿಗೆ ಓಡಿದ. ಜೀಪು ತನ್ನ ಚಾನೆಲ್ಲಿನಲ್ಲೇ ಇದೆಯೆಂದು ನಂಬಿ ಕರೆದ, ಮತ್ತೆ ಮತ್ತೆ ಕರೆದ. ಹೊಳಲ್ಕೆರೆಗೆ ಟೆಲಿಫೋನಿನಲ್ಲಿ ಟ್ರಂಕ್ ಕರೆ ಮಾಡಿ ನೋಡೋಣವೆಂದು ಹೊಳೆಯುವಷ್ಟರಲ್ಲಿ ಗಂಟೆ ಕಳೆದಿತ್ತು. ಇಷ್ಟನ್ನು ಹೇಳುವಾಗ ಅವನ ದನಿಯಲ್ಲಿ ಎಳ್ಳಷ್ಟೂ ಆಪಾದನೆಯಿರಲಿಲ್ಲ. ಬೈದಿದ್ದರೆ ಪಾಲಣ್ಣನಿಗೆ ಹಗುರವಾಗುತ್ತಿತ್ತು.

“ಅವ್ವ ಏನಾದ್ರೂ ಅಂದ್ಲಾ ಭಾವ?”

“ಪಾಲ ಏನಂದ ಅಂತಿದ್ಲು. ನಾನು ಸೆಟ್ಟಿನ ಹತ್ರದಿಂದ ಬಂದಾಗ್ಲೆಲ್ಲ ಅದೇ ಮಾತು.”

“ನೀವೇನಂದ್ರಿ?”

ಬೋರಣ್ಣ ಟವೆಲಿನಿಂದ ಮುಖ ಒರೆಸಿಕೊಂಡ. “ಸಿಕ್ಕಿದ ಅಂದೆ. ಜೀಪು ತಿರುಗಿಸ್ಕಂಡು ಬತ್ತಾ ಅವ್ನೆ, ಬಂದೆ ಅವ್ವ ಅಂದ ಅಂತ ಹೇಳ್ದೆ. ಆಮೇಲೆ ಕೇಳ್ಲಿಲ್ಲ. ಬಾಗಿಲ ಕಡೆ ಮಕ ಮಾಡ್ಕಂಡು ಮಲಗಿದ್ಲು.”

ಕಾಳಕ್ಕ ಒಳಗಿನಿಂದ ಚೊಂಬು ತಂದು, ಅವ್ವನ ಬಾಯಿಗೆ ನೀರು ಬಿಡು ಎಂದು ಪಾಲಣ್ಣನಿಗೆ ಕೊಟ್ಟಳು. ಅವನು ಬಗ್ಗಿ ಬಿಟ್ಟ. ನೀರು ಒಳಗೆ ಹೋಗದೆ ಗಲ್ಲದ ಮೇಲಿಂದ ಇಳಿದು ಹೊಸ ಸೀರೆ ತೋಯಿಸಿತು. ಕಾಳಕ್ಕ ತನ್ನ ಸೆರಗಿನಿಂದ ಒರೆಸಿದಳು.