ಕಲ್ಲು ಮಾವನ ಹತ್ತಿರ, ಕಬ್ಬಿಣ ಅಳಿಯನ ಹತ್ತಿರ

ನಾನು ಒಂದು ಚಕಮಕಿ ಕಲ್ಲು. ಬೆಟ್ಟದ ಹಳ್ಳದಲ್ಲಿ ಮೀನುಗಳ ನಡುವೆ ತಣ್ಣಗೆ ಬಿದ್ದಿದ್ದ ನನ್ನನ್ನು ಸೋಲಿಗರ ಕೇತೇಗೌಡ ಎತ್ತಿಕೊಂಡ. ಕುಲುಮೆಯಲ್ಲಿ ಬಡಿಸಿ ತಂದಿದ್ದ ಕಬ್ಬಿಣದ ತುಂಡೊಂದರ ಜೊತೆ ಚೀಲಕ್ಕೆ ಹಾಕಿದ. ಅದೇ ನನ್ನ ಹುಟ್ಟು, ಅದೇ ನನ್ನ ಮದುವೆ. ಕಬ್ಬಿಣ ಮಹಾ ಮುಂಗೋಪಿ, ಮುಟ್ಟಿದರೆ ಕಿಡಿ. ಆದರೂ ಅದಿಲ್ಲದೆ ನಾನು ಬರೀ ಕಲ್ಲು.

ಸಂಕ್ರಾಂತಿ ಕಳೆದ ಮೇಲೆ, ಉದುರಿದ ಎಲೆಗಳಲ್ಲಿ ಇನ್ನೂ ಇಬ್ಬನಿಯ ಪಸೆ ಇರುವಾಗಲೇ ಕೇತೇಗೌಡ ಕಾಡಿಗೆ ತರಗುಬೆಂಕಿ ಇಡುತ್ತಿದ್ದ. ನಮ್ಮ ಕಿಡಿ ಬೂರುಗದ ಹತ್ತಿಗೆ ಬೀಳುತ್ತಿತ್ತು. ಬೆಂಕಿ ಮೊಣಕಾಲಿಗಿಂತ ಮೇಲೇಳದೆ, ಒಣಗಿದ್ದನ್ನಷ್ಟೇ ತಿಂದು, ಹಳ್ಳದ ಹತ್ತಿರ ತಾನೇ ಮಲಗುತ್ತಿತ್ತು. ಅವನ ಹೆಂಡತಿ ಬೇದಮ್ಮ ಹಿಂದೆಯೇ ಬರಿಗಾಲಲ್ಲಿ ಬೂದಿ ತುಳಿದು ಬರಬೇಕು, ಅದು ಆ ಮನೆಯ ಪದ್ಧತಿ. ಅವಳ ಕಾಲು ಸುಟ್ಟರೆ ಬೆಂಕಿ ಇಟ್ಟ ಹೊತ್ತು ತಪ್ಪು. "ಬೆಚ್ಚಗದೆ, ನಡಿ" ಎಂದು ಅವಳು ನಕ್ಕರೆ ಗೌಡ ಹಿಗ್ಗಿ ಹೀರೇಕಾಯಿಯಾಗುತ್ತಿದ್ದ.

ಆಮೇಲೆ ಕಾಡಿಗೆ ಬೆಂಕಿ ಇಡುವುದು ಅಪರಾಧ ಎಂದಾಯಿತು. ಅಷ್ಟರಲ್ಲಿ ಮಗಳ ಗಂಡ ಜಡೆಯನಿಗೆ ಅರಣ್ಯ ಇಲಾಖೆಯಲ್ಲಿ ಬೆಂಕಿ ಕಾಯುವ ವಾಚರ್ ಕೆಲಸ ಸಿಕ್ಕಿತ್ತು. ಮಾವ ಬೆಂಕಿ ಇಟ್ಟರೆ ಅಳಿಯನ ಅನ್ನಕ್ಕೆ ಕಲ್ಲು. ಕೇತೇಗೌಡ ಕಬ್ಬಿಣವನ್ನು ಅವನ ಕೈಗಿತ್ತ. "ಇದ ನೀ ಮಡಿಕ. ಕಲ್ಲು ನನ್ ತಾವಿರ್ಲಿ. ಇಬ್ರೂ ಒಪ್ಪುದ್ರೆ ಮಾತ್ರ ಕಿಡಿ."

ನಮ್ಮಿಬ್ಬರನ್ನು ಅಗಲಿಸಿಬಿಟ್ಟರು. ನಾನು ಒಲೆಯ ಮೇಲಿನ ಗೂಟದಲ್ಲಿ ತೂಗಾಡಿದೆ. ಒಂದೇ ಸಲ ಹೊತ್ತಿ ಸಾಯುವ ಬೆಂಕಿಕಡ್ಡಿಗಳ ಜಂಬ ನೋಡಬೇಕಿತ್ತು ನೀವು! ಪ್ರತಿ ಸಂಕ್ರಾಂತಿಗೂ ಮಾವ ಕೇಳುವುದು, "ಈ ಸಲ?" ಅಳಿಯ ನೆಲ ನೋಡುವುದು. ಹೊರಗೆ, ತರಗುಬೆಂಕಿ ಕಾಣದ ಕಾಡಿನಲ್ಲಿ, ಲಾಂಟಾನ ಪೊದೆ ಆಳೆತ್ತರ ಬೆಳೆಯುತ್ತಿತ್ತು. ನನಗೆ ಕಬ್ಬಿಣದ ಒಂದು ಏಟು ಸಾಕಿತ್ತು.

ಒಂದು ಬೇಸಿಗೆ ಯಾರೋ ಎಸೆದ ಬೀಡಿಗೆ ಕಾಡು ಹೊತ್ತಿತು. ಆ ಬೆಂಕಿ ನೆಲ ಹಿಡಿಯಲಿಲ್ಲ, ಲಾಂಟಾನ ಹತ್ತಿ ಮರಗಳ ನೆತ್ತಿಗೇ ಏರಿತು. ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿಯಲು ಓಡಿದ ಕೇತೇಗೌಡ ಹೊಗೆ ಕುಡಿದು ಬಂದ, ಮತ್ತೆ ಚೇತರಿಸಿಕೊಳ್ಳಲಿಲ್ಲ. ಕೊನೆಯಲ್ಲೂ ಜಡೆಯನ ಕೈ ಹಿಡಿದು "ಈ ಸಲ?" ಎಂದ. ಬೇದಮ್ಮ ನನ್ನನ್ನು ಗಂಡನನ್ನು ಹೂತ ಗುಡ್ಡೆಯ ಮೇಲೆ, ತಲೆಯ ಕಡೆ ಇಟ್ಟಳು.

ಎಷ್ಟೋ ಮಳೆ ಬಿದ್ದ ಮೇಲೆ ಇಲಾಖೆಯ ಮೇಲಿನವರ ಮನಸ್ಸು ಬದಲಾಯಿತು. ದೊಡ್ಡ ಬೆಂಕಿ ತಡೆಯಲು, ಗುಡ್ಡೆಯ ಪಕ್ಕದ ಕಾಡಿಗೆ ಬೇಸಿಗೆಗೆ ಮುಂಚೆ ಸಣ್ಣ ಬೆಂಕಿ ಇಡಲು ಅಪ್ಪಣೆಯಾಯಿತು. ಇಬ್ಬನಿಯ ಬೆಳಗಿನಲ್ಲಿ ಜಡೆಯ ಬೇದಮ್ಮನ ಜೊತೆ ನನ್ನೆದುರು ಬಂದು ನಿಂತ. ಅವನ ಮೀಸೆ ನರೆತಿತ್ತು. ಸೊಂಟದಲ್ಲಿ ಲೈಟರ್ ಇತ್ತು. ಅದನ್ನು ಮುಟ್ಟದೆ ಅಂಗಿಯ ಜೇಬಿನಿಂದ ಕಬ್ಬಿಣ ತೆಗೆದ. ಅಯ್ಯೋ, ಎಷ್ಟು ತುಕ್ಕು ಹಿಡಿದಿತ್ತು ನನ್ನ ಮುಂಗೋಪಿಗೆ!

"ಕಲ್ಲು ತಕಳ್ಳಾ ಅತ್ತೆ?"

"ನನ್ನೇನ್ ಕೇಳೀಯ? ನಿಮ್ ಮಾವನ್ನ ಕೇಳು."

ಜಡೆಯ ಗುಡ್ಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಕಬ್ಬಿಣದ ತುಕ್ಕನ್ನು ಅಂಗಿಯ ಅಂಚಿಗೆ ಉಜ್ಜಿದ.

"ಈ ಸಲ, ಮಾವ" ಎಂದ.

ಮೊದಲ ಏಟು ಅವನ ಬೆರಳಿಗೇ ಬಿತ್ತು. ಆಮೇಲಿನದು ನನಗೆ. ಕಿಡಿ ಬಂತು. ಬೆಂಕಿ ನೆಲ ಹಿಡಿದು, ತರಗು ತಿನ್ನುತ್ತ ಹಳ್ಳದ ಕಡೆ ಹೊರಟಿತು. ಬೇದಮ್ಮ ಚಪ್ಪಲಿ ಬಿಟ್ಟು ಬೂದಿಗಿಳಿದಳು.

"ಸುಡ್ತದಾ ಅತ್ತೆ?"

ಅವಳು ಗುಡ್ಡೆಯ ಕಡೆ ತಿರುಗಿದಳು.

"ಬೆಚ್ಚಗದೆ, ನಡಿ" ಎಂದಳು.

ಈಗ ನಾವಿಬ್ಬರೂ, ಕಬ್ಬಿಣ ಮತ್ತು ನಾನು, ಅದೇ ಗುಡ್ಡೆಯ ಮೇಲೆ ಅಕ್ಕಪಕ್ಕ ಇದ್ದೇವೆ. ಸಂಕ್ರಾಂತಿ ಕಳೆದರೆ ಜಡೆಯ ಬರುತ್ತಾನೆ. ಅವನ ಕೈ ಒಳ್ಳೆಯದೇ. ಆದರೂ ಪ್ರತಿ ಸಲ, ಏಟು ಬೀಳುವ ಮೊದಲು, ನಾನು ಇನ್ನೊಂದು ಕೈಗಾಗಿ ಕಾಯುತ್ತೇನೆ.